ಸೆಟ್ ದೋಸೆಯ ಸೆಟ್ಟು, ಸಿಮೆಂಟಿನ ಸೆಟ್ಟು

ದರ್ಶಿನಿಯ ಕೌಂಟರಿನಲ್ಲಿ ‘ಒಂದು ಸೆಟ್’ ಅಂದರೆ ಮೂರು ದೋಸೆ, ಸಾಗು, ಚಟ್ನಿ. ಅದೇ ಬೀದಿಯ ಕೊನೆಯಲ್ಲಿ ನೆಲಕ್ಕೆ ಗಾರೆ ಹಾಕುತ್ತಿರುವ ಮೇಸ್ತ್ರಿ ‘ಸೆಟ್ ಆಗ್ಲಿ ತಡೀರಿ, ಈಗ್ಲೇ ತುಳೀಬೇಡಿ’ ಅನ್ನುತ್ತಾನೆ. ಊರಾಚೆಯ ತೋಟದಲ್ಲಿ ಪಂಪ್‌ಸೆಟ್ಟಿಗೆ ಕರೆಂಟು ಬರುವುದನ್ನೇ ಕಾಯುತ್ತಿದ್ದಾರೆ. ಪತ್ರಿಕೆಯ ಸಿನಿಮಾ ಪುಟದಲ್ಲಿ ಹೊಸ ಚಿತ್ರವೊಂದು ‘ಸೆಟ್ಟೇರಿದೆ’. ಕಾಲೇಜು ಹುಡುಗನಿಗೆ ಆ ಗಡ್ಡ ‘ಸೆಟ್ ಆಗಲ್ಲ’ ಅಂತ ಗೆಳೆಯರ ತೀರ್ಪು. ಒಂದೇ ಗುಟುಕಿನಲ್ಲಿ ಮುಗಿಯುವ ಇಂಗ್ಲಿಷ್ ಪದವೊಂದು ಕನ್ನಡಕ್ಕೆ ಬಂದು ಇಷ್ಟು ಕಡೆ ಕೆಲಸ ಹಿಡಿದಿದೆ. ತವರಿನಲ್ಲಿ ಅದಕ್ಕಿರುವ ಕೆಲಸಗಳನ್ನು ಎಣಿಸುವುದಂತೂ ಒಂದು ದೊಡ್ಡ ಉದ್ಯೋಗವೇ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿ ‘ಸೆಟ್’ ಎಂಬ ಕ್ರಿಯಾಪದಕ್ಕೆ ಕೊಟ್ಟ ಅರ್ಥಗಳು 430. ವಿವರಣೆ, ಉದಾಹರಣೆ ಎಲ್ಲ ಸೇರಿ ಆ ಒಂದು ನಮೂದೇ ಸುಮಾರು 60,000 ಪದಗಳಷ್ಟು, ಅಂದರೆ ಒಂದು ಸಣ್ಣ ಕಾದಂಬರಿಯಷ್ಟು. ಮೂರನೇ ಆವೃತ್ತಿಯ ಪರಿಷ್ಕರಣೆ ಆರಂಭವಾದ ಮೇಲೆ ಅತಿ ದೊಡ್ಡ ನಮೂದು ಎಂಬ ಪಟ್ಟ ಕೈಬದಲಾಯಿತು. 2000ದಲ್ಲಿ ‘ಮೇಕ್’ ಮುಂದೆ ಹೋಯಿತು, 2007ರಲ್ಲಿ ‘ಪುಟ್’, 2011ರಲ್ಲಿ ‘ರನ್’. ಈ ಕೊನೆಯದರ ಅರ್ಥಗಳು 645. ಅವನ್ನು ಬೇರೆಬೇರೆ ಮಾಡಲು ನಿಘಂಟುಕಾರ ಪೀಟರ್ ಗಿಲಿವರ್ ಅವರಿಗೆ ಒಂಬತ್ತು ತಿಂಗಳು ಹಿಡಿಯಿತು.

ಇಂಥ ಸಂಖ್ಯೆ ಕೇಳಿದಾಗ ಇಂಗ್ಲಿಷ್ ಎಷ್ಟು ವಿಚಿತ್ರ ಭಾಷೆ ಅನ್ನಿಸುತ್ತದೆ. ಆದರೆ ಈ ಎಣಿಕೆ ನಡೆಯುವ ಬಗೆಯನ್ನು ನೋಡಿದರೆ ಬೆರಗು ಅರ್ಧಕ್ಕೆ ಇಳಿಯುತ್ತದೆ. ನಿಘಂಟುಕಾರ ಮೊದಲು ಆ ಪದ ಬಂದಿರುವ ವಾಕ್ಯಗಳನ್ನು ರಾಶಿ ಹಾಕಿಕೊಳ್ಳುತ್ತಾನೆ. ಹಿಂದೆ ಒಂದೊಂದು ವಾಕ್ಯಕ್ಕೆ ಒಂದೊಂದು ಚೀಟಿ ಇರುತ್ತಿತ್ತು, ಈಗ ಅದು ಕಂಪ್ಯೂಟರಿನೊಳಗೆ. ಆಮೇಲೆ ರಾಶಿಯನ್ನು ಒಡೆಯುತ್ತಾ ಹೋಗುತ್ತಾನೆ. ಕರ್ಮಪದ ಇದೆಯೋ ಇಲ್ಲವೋ? ಇದ್ದರೆ ಅದು ವಸ್ತುವೋ, ವ್ಯಕ್ತಿಯೋ, ದಿನಾಂಕವೋ? ಬೆನ್ನಿಗೆ ‘ಅಪ್’, ‘ಆಫ್’, ‘ಇನ್’ ಅಂತ ಬಾಲವೇನಾದರೂ ಅಂಟಿದೆಯೋ? ಆ ಪದ ತೆಗೆದು ಇನ್ನೊಂದು ಇಟ್ಟರೆ ವಾಕ್ಯ ನಿಲ್ಲುತ್ತದೆಯೋ? ಪ್ರತಿ ಕವಲಿನಲ್ಲೂ ಎಲ್ಲಿ ಸೀಳಬೇಕು ಅನ್ನುವುದು ಅವನ ತೀರ್ಮಾನ. ತೆಳ್ಳಗೆ ಹೆಚ್ಚಿದರೆ 430 ಹೋಳು, ದಪ್ಪಗೆ ಹೆಚ್ಚಿದರೆ ನಲವತ್ತು. ನಮ್ಮ ‘ಹೊಡೆ’ಯನ್ನು ಇದೇ ಚಾಕುವಿನಿಂದ ಹೆಚ್ಚಿ ನೋಡಿ. ಬಣ್ಣ ಹೊಡೆ, ಗೊರಕೆ ಹೊಡೆ, ಸೈಕಲ್ ಹೊಡೆ, ಚಕ್ಕರ್ ಹೊಡೆ, ಸುಳ್ಳು ಹೊಡೆ, ವಾಸನೆ ಹೊಡೆ, ಲಾಟರಿ ಹೊಡೆ, ಬೋರು ಹೊಡೆ. ‘ಹಾಕು’, ‘ಬಿಡು’, ‘ಹಿಡಿ’, ‘ಕಟ್ಟು’ಗಳದ್ದೂ ಇದೇ ಕಥೆ. ಎಲ್ಲ ಭಾಷೆಯಲ್ಲೂ ಚಿಕ್ಕ, ಹಳೆಯ, ಕೈಕೆಲಸದ ಕ್ರಿಯಾಪದಗಳೇ ಹೀಗೆ ಹಬ್ಬುವುದು.

‘ಸೆಟ್’ನಲ್ಲಿ ಇನ್ನೊಂದು ಗುಟ್ಟಿದೆ. ಅದು ಒಂದು ಪದವೇ ಅಲ್ಲ, ಎರಡು. ಒಂದೇ ವೇಷ ಹಾಕಿಕೊಂಡು ಒಂದೇ ಹೆಸರಿನಲ್ಲಿ ಓಡಾಡುವ ಎರಡು ಪದಗಳು, ಎರಡು ಬೇರೆ ಮನೆಯಿಂದ ಬಂದವು.

ಮೊದಲನೆಯದು ಕ್ರಿಯಾಪದ. ಹಳೆಯ ಇಂಗ್ಲಿಷಿನಲ್ಲಿ ‘ಸಿಟ್ಟನ್’ ಅಂದರೆ ಕೂರುವುದು, ‘ಸೆಟ್ಟನ್’ ಅಂದರೆ ಕೂರಿಸುವುದು. ಇಂದಿನ ‘ಸಿಟ್’ ಮತ್ತು ‘ಸೆಟ್’ ಅವೇ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಏಕೆಂದರೆ ಕೂರು–ಕೂರಿಸು ಎಂಬ ಜೋಡಿ ನಮ್ಮ ಬಾಯಲ್ಲಿ ದಿನವೂ ಇದೆ. ಕನ್ನಡದ ‘ಇಸು’ ಇವತ್ತಿಗೂ ಜೀವಂತ, ‘ಗೂಗಲಿಸು’ ಅನ್ನುವಷ್ಟು ಚುರುಕು. ಇಂಗ್ಲಿಷಿನಲ್ಲಿ ಅಂಥ ಯಂತ್ರ ಕೆಟ್ಟು ಸಾವಿರ ವರ್ಷಕ್ಕೂ ಮೇಲಾಯಿತು, ಅದು ಹಿಂದೆ ತಯಾರಿಸಿದ ಕೆಲವು ಜೋಡಿಗಳಷ್ಟೇ ಉಳಿದಿವೆ: ಸಿಟ್–ಸೆಟ್, ಲೈ–ಲೇ, ರೈಸ್–ರೇಸ್, ಫಾಲ್–ಫೆಲ್. ಕನ್ನಡದಲ್ಲಿ ಹೇಳುವುದಾದರೆ ಕೂರು–ಕೂರಿಸು, ಮಲಗು–ಮಲಗಿಸು, ಏಳು–ಏಳಿಸು, ಬೀಳು–ಬೀಳಿಸು. ‘ಡ್ರಿಂಕ್’ ಮತ್ತು ‘ಡ್ರೆಂಚ್’ ಕೂಡ ಕುಡಿ–ಕುಡಿಸು. ದನಕ್ಕೆ ಗೊಟ್ಟದಲ್ಲಿ ಔಷಧಿ ಕುಡಿಸುವುದಕ್ಕೆ ಪಶುವೈದ್ಯರ ಇಂಗ್ಲಿಷಿನಲ್ಲಿ ಇವತ್ತಿಗೂ ‘ಡ್ರೆಂಚ್’ ಎಂದೇ ಹೆಸರು. ಬೇರೆಯವರಿಗೆ ಆ ಪದ ಬರೀ ಮಳೆಯಲ್ಲಿ ತೊಯ್ದು ತೊಪ್ಪೆಯಾಗುವುದು.

ಈ ಕೂರಿಸುವ ‘ಸೆಟ್’ನ ಬೇರು ಇಂಡೋ–ಯುರೋಪಿಯನ್ ಕುಟುಂಬದ ‘ಸೆದ್’. ಅದೇ ಬೇರು ಸಂಸ್ಕೃತದಲ್ಲಿ ‘ಸದ್’ ಎಂಬ ಧಾತು. ಸದನ, ಪರಿಷತ್ತು, ಉಪನಿಷತ್ತು, ಪ್ರಸಾದ, ವಿಷಾದ ಎಲ್ಲ ಅದರ ಮಕ್ಕಳು. ಹಕ್ಕಿಗೂಡಿಗೆ ಸಂಸ್ಕೃತದಲ್ಲಿರುವ ‘ನೀಡ’ ಮತ್ತು ಇಂಗ್ಲಿಷಿನ ‘ನೆಸ್ಟ್’ ಒಂದೇ ಪದದ ಎರಡು ರೂಪ, ಎರಡಕ್ಕೂ ಮೂಲದಲ್ಲಿ ‘ಕೆಳಗೆ ಕೂರುವ ಜಾಗ’ ಎಂಬ ಅರ್ಥ.

ಎರಡನೆಯ ‘ಸೆಟ್’ ನಾಮಪದ, ಗುಂಪು ಎಂಬ ಅರ್ಥದ್ದು. ಇದು ಹಳೆಯ ಫ್ರೆಂಚಿನ ‘ಸೆತ್’ ಮೂಲಕ ಲ್ಯಾಟಿನ್ನಿನ ‘ಸೆಕ್ತ’ದಿಂದ ಬಂದದ್ದು. ಪಂಥ ಎಂಬ ಅರ್ಥದ ‘ಸೆಕ್ಟ್’ಗೂ ಅದೇ ತಾಯಿ. ಒಬ್ಬನ ಹಿಂದೆ ಹೋಗುವವರ ಕೂಟ ಅನ್ನುವುದು ಮೂಲಾರ್ಥ, ಬೇರು ‘ಹಿಂಬಾಲಿಸು’. ಅದರ ಸಂಸ್ಕೃತ ನೆಂಟ ‘ಸಚ್’ ಧಾತು, ಅದರಿಂದ ಸಚಿವ: ಜೊತೆಗಿರುವವನು, ಹಿಂದೆ ಬರುವವನು. ಹಾಗಾಗಿ ವಿಧಾನಸೌಧದ ಸದನದಲ್ಲಿ ಸಚಿವರೊಬ್ಬರು ಕೂತಿದ್ದರೆ ಎರಡೂ ‘ಸೆಟ್’ಗಳ ದಾಯಾದಿಗಳು ಒಂದೇ ಸೂರಿನಡಿ ಇದ್ದಾರೆಂದಾಯಿತು.

ಆಮೇಲೆ ಈ ಎರಡು ಪದಗಳು ಒಂದರ ಮೇಲೊಂದು ಬಣ್ಣ ಬಳಿದುಕೊಂಡವು. ‘ಒಟ್ಟಿಗೆ ಇಟ್ಟದ್ದು’ ಎಂಬ ಭಾವ ಕೂರಿಸುವ ಸೆಟ್ಟಿನಿಂದ ಗುಂಪಿನ ಸೆಟ್ಟಿಗೆ ಇಳಿಯಿತು. ಇವತ್ತು ಸಾಮಾನ್ಯ ಇಂಗ್ಲಿಷ್ ಮಾತುಗಾರನಿಗೆ ಇವು ಎರಡು ಅನ್ನುವುದೇ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಮಾತ್ರ ಕೆಲವು ತಮಾಷೆಗಳು ಕಾಣುತ್ತವೆ. ವಾಲಿಬಾಲ್ ನೋಡಿ. ಒಂದು ಸೆಟ್ಟಿಗೆ 25 ಅಂಕ, ಎರಡರ ಅಂತರ ಬೇಕು, ಐದನೇ ಸೆಟ್ ಆದರೆ 15 ಅಂಕ. ಆ ಸೆಟ್ಟಿನೊಳಗೆ ಒಬ್ಬ ‘ಸೆಟ್ಟರ್’ ಇರುತ್ತಾನೆ, ಹೊಡೆಯುವವನಿಗೆ ಚೆಂಡನ್ನು ಬಲೆಯ ಅಂಚಿನಲ್ಲಿ ಗಾಳಿಯಲ್ಲೇ ಕೂರಿಸಿಕೊಡುವವನು. ಪ್ರಶ್ನೆಪತ್ರಿಕೆಯಲ್ಲೂ ಹೀಗೇ. ಅದನ್ನು ‘ಸೆಟ್ ಮಾಡುವ’ ಮೇಷ್ಟ್ರು ಒಂದು ಸೆಟ್ಟಿನವರು, ‘ಎ ಸೆಟ್, ಬಿ ಸೆಟ್’ ಇನ್ನೊಂದರದ್ದು. ಚಿನ್ನದಂಗಡಿಯಲ್ಲಿ ಹರಳು ‘ಸೆಟ್’ ಮಾಡಿದ ಓಲೆ, ಸರ, ಉಂಗುರ ಸೇರಿ ಒಂದು ‘ಸೆಟ್’.

ಈ ಹರಳಿನ ಕೆಲಸದಲ್ಲಿ ಕನ್ನಡದ ಅಕ್ಕಸಾಲಿಗರೂ ‘ಕೂರಿಸು’ ಅಂತಲೇ ಹೇಳುವುದು. ಹರಳಿನ ಅಗಲವಾದ ಅಂಚು ಅದಕ್ಕೆಂದು ಮಾಡಿದ ಗುಳಿಯೊಳಗೆ, ಅಂದರೆ ಮನೆಯೊಳಗೆ, ಸಮನಾಗಿ ಕೂರಬೇಕು, ಸುತ್ತಲಿನ ಗೋಡೆ ಆ ಅಂಚಿಗಿಂತ ತುಸು ಮೇಲೆ ಇರಬೇಕು, ಆ ಹೆಚ್ಚಿನ ಭಾಗವನ್ನು ಎದುರುಬದುರು ಒತ್ತುತ್ತಾ ಹರಳಿನ ಮೇಲೆ ಮಗುಚಬೇಕು. ಒಂದೇ ಕಡೆಯಿಂದ ಸುತ್ತಿ ಒತ್ತಿಕೊಂಡು ಹೋದರೆ ಹರಳು ಇನ್ನೊಂದು ಕಡೆಗೆ ಜಾರಿ ವಾರೆಯಾಗುತ್ತದೆ. ಮನೆ ಆಳ ಸಾಲದಿದ್ದರೆ ಹಿಡಿತ ಸಿಗದೆ ಹರಳು ಅಲ್ಲಾಡುತ್ತದೆ.

‘ಕೂರಿಸು’ ಎಂಬ ಒಂದು ಕನ್ನಡ ಪದವನ್ನು ಕೈಯಲ್ಲಿ ಹಿಡಿದು ಹೊರಟರೆ ಆ 430ರಲ್ಲಿ ಬಹುಪಾಲು ದಾರಿ ಸಲೀಸು. ಕೋಳಿಯನ್ನು ಕಾವಿಗೆ ಕೂರಿಸುವುದೂ ಇಂಗ್ಲಿಷಿನಲ್ಲಿ ‘ಸೆಟ್’. ನಾಟಿ ಕೋಳಿಯ ಹೊಟ್ಟೆ ಮುಚ್ಚುವಷ್ಟು, ಅಂದರೆ ಹತ್ತು ಹನ್ನೆರಡು ಮೊಟ್ಟೆ, 21 ದಿನದ ಕಾವು. ಹೆಚ್ಚು ಇಟ್ಟರೆ ಅಂಚಿನವು ತಣ್ಣಗಾಗುತ್ತವೆ, ಕೋಳಿ ಮೊಟ್ಟೆಗಳನ್ನು ಹೊರಳಿಸುವಾಗ ಸರದಿಯ ಮೇಲೆ ಎಲ್ಲವೂ ಅಂಚಿಗೆ ಬಂದು ಅಷ್ಟೂ ಹಾಳಾಗಬಹುದು. ಮುರಿದ ಮೂಳೆಯನ್ನು ಸರಿಯಾದ ಜಾಗದಲ್ಲಿ ಕೂರಿಸುವುದೂ ‘ಸೆಟ್’, ಅದು ಆಮೇಲೆ ಕೂಡಿಕೊಳ್ಳುವುದೂ ‘ಸೆಟ್’. ಕನ್ನಡ ಇಲ್ಲಿ ಎರಡು ಕ್ರಿಯಾಪದ ಬಳಸುತ್ತದೆ, ಅದು ಒಳ್ಳೆಯದೇ, ಏಕೆಂದರೆ ಕೆಲಸಗಳೂ ಎರಡು. ಕೂರಿಸುವುದು ವೈದ್ಯರದ್ದು, ಕೂಡಿಕೊಳ್ಳುವುದು ಮೂಳೆಯದ್ದು. ಮೊದಲನೆಯದು ವಾರೆಯಾದರೂ ಎರಡನೆಯದು ನಡೆದೇ ನಡೆಯುತ್ತದೆ, ಆಗ ಕೈ ಸೊಟ್ಟಗೇ ಕೂಡಿಕೊಂಡಿರುತ್ತದೆ. ಬಿದಿರು ದಬ್ಬೆ ಇಟ್ಟು ಬಿಗಿದ ಕಟ್ಟಿನಲ್ಲಿ ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ, ಬೆರಳು ನಿಗುಚಿದಾಗ ತಡೆಯಲಾಗದ ನೋವಾದರೆ ಕೂಡಲೇ ಕಟ್ಟು ಸಡಿಲಿಸಿ ಆಸ್ಪತ್ರೆಗೆ ಓಡಬೇಕು. ಒಳಗಿನ ಊತಕ್ಕೆ ಜಾಗವಿಲ್ಲದೆ ರಕ್ತ ಓಡಾಟ ನಿಂತಿರುತ್ತದೆ, ಕೆಲವೇ ಗಂಟೆ ತಡವಾದರೂ ಸ್ನಾಯು ಸಾಯುತ್ತದೆ.

ಬಡಗಿಯ ಗರಗಸಕ್ಕೂ ‘ಸೆಟ್’ ಉಂಟು. ಅದರ ಹಲ್ಲುಗಳನ್ನು ಎದುರಿನಿಂದ ನೋಡಿದರೆ ಒಂದು ಎಡಕ್ಕೆ, ಮುಂದಿನದು ಬಲಕ್ಕೆ ವಾಲಿರುತ್ತವೆ. ಹೀಗೆ ವಾಲಿಸುವುದೇ ಸೆಟ್. ಇದರಿಂದ ಕೊಯ್ದ ಸೀಳು ಅಲಗಿನ ದಪ್ಪಕ್ಕಿಂತ ಅಗಲವಾಗಿ, ಅಲಗು ಮರದಲ್ಲಿ ಕಚ್ಚಿಕೊಳ್ಳದೆ ಓಡುತ್ತದೆ. ಹಸಿ ಮರಕ್ಕೆ ಹೆಚ್ಚು ವಾಲಿಕೆ ಬೇಕು, ಒಣಗಿದ ಗಟ್ಟಿ ಮರಕ್ಕೆ ಕಡಿಮೆ ಸಾಕು. ಸೀಳು ಅಲಗಿನ ಒಂದೂವರೆ ಪಟ್ಟಿಗಿಂತ ಅಗಲವಾದರೆ ಕೈ ಸೋಲುತ್ತದೆ, ಕೊಯ್ತ ಗೆರೆ ಬಿಟ್ಟು ಅಲೆಯುತ್ತದೆ. ಹಲ್ಲಿನ ಮೇಲರ್ಧವನ್ನು ಮಾತ್ರ ಬಗ್ಗಿಸಬೇಕು, ಬುಡದಿಂದ ಬಗ್ಗಿಸಿದರೆ ಹಲ್ಲು ಮುರಿದು ಕೈಗೆ ಬರುತ್ತದೆ. ಒಂದು ಪಕ್ಕದ ಹಲ್ಲು ಹೆಚ್ಚು ವಾಲಿದ್ದರೆ ಗರಗಸ ಆ ಪಕ್ಕಕ್ಕೇ ಎಳೆಯುತ್ತದೆ. ಇಲ್ಲಿ ‘ಕೂರಿಸು’ ಸ್ವಲ್ಪ ದೂರವಾಯಿತು, ನಿಜ. ಆದರೆ ಬಾಗಿಲು ಚೌಕಟ್ಟಿಗೆ ಕೂರುವುದು, ಅಂಗಿ ಮೈಗೆ ಕೂರುವುದು, ಗೇರು ಕೂರುವುದು ಅಂತೆಲ್ಲ ನಾವು ಹೇಳುವಾಗಲೂ ಭಾವ ‘ಕೆಲಸಕ್ಕೆ ಹದವಾದ ಸ್ಥಿತಿಗೆ ಬರುವುದು’ ಎಂದೇ. ಅಲಾರಂ, ಗಡಿಯಾರ, ಬಲೆ, ಬೋನು ಎಲ್ಲಕ್ಕೂ ಇಂಗ್ಲಿಷ್ ‘ಸೆಟ್’ ಬರುವುದು ಈ ದಾರಿಯಲ್ಲಿ.

ಕೈ ಕೊಡುವುದು ಎರಡು ಕಡೆ. ಒಂದು, ಸೂರ್ಯ. ಇಂಗ್ಲಿಷಿನಲ್ಲಿ ಸೂರ್ಯ ‘ಸೆಟ್’ ಆಗುತ್ತಾನೆ, ಅಂದರೆ ಕೂರಿಸುವ ಪದ ಇಲ್ಲಿ ಕೂರುವುದಕ್ಕೇ ಬಂದಿದೆ. ನಮ್ಮಲ್ಲಿ ಹೊತ್ತು ಮುಳುಗುತ್ತದೆ, ಕಂತುತ್ತದೆ. ಸಂಸ್ಕೃತ ಬೇಕೆಂದರೆ ಅಸ್ತವಾಗುತ್ತದೆ. ಖಗೋಳದ ಲೆಕ್ಕದಲ್ಲಿ ಸೂರ್ಯಾಸ್ತ ಅನ್ನುವುದು ಬಿಂಬದ ಮೇಲಂಚು ದಿಗಂತದಲ್ಲಿ ಮರೆಯಾಗುವ ಕ್ಷಣ. ಆಗ ಬಿಂಬದ ನಡುಭಾಗ ದಿಗಂತಕ್ಕಿಂತ 50 ಕಲೆ (ಒಂದು ಡಿಗ್ರಿಗೆ 60 ಕಲೆ) ಕೆಳಗಿರುತ್ತದೆ: ಬಿಂಬದ ಅರ್ಧ ಅಗಲ 16 ಕಲೆ, ಗಾಳಿ ಬೆಳಕನ್ನು ಬಗ್ಗಿಸಿ ಮೇಲೆತ್ತಿ ತೋರಿಸುವುದು 34 ಕಲೆ. ಮಲ್ಪೆಯ ದಂಡೆಯಲ್ಲಿ ನಿಂತು ಸೂರ್ಯನ ಕೆಳಂಚು ನೀರಿಗೆ ತಾಗಿತು ಅಂದುಕೊಳ್ಳುವಾಗ ನಿಜವಾದ ಸೂರ್ಯ ಇಡೀ ಕೆಳಗಿಳಿದು ಆಗಿರುತ್ತದೆ. ಆಮೇಲಿನ ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ನೋಡುವುದು ಗಾಳಿ ತೋರಿಸುವ ಬಿಂಬವನ್ನು.

ಇನ್ನೊಂದು ಕಡೆ ಅಡಿಗೆಮನೆ ಮತ್ತು ಗಾರೆ. ನೀರಾಗಿದ್ದದ್ದು ಗಟ್ಟಿಯಾಗುವುದಕ್ಕೆಲ್ಲ ಇಂಗ್ಲಿಷಿಗೆ ಒಂದೇ ‘ಸೆಟ್’ ಸಾಕು. ಮೊಸರು, ಜೆಲ್ಲಿ, ಬರ್ಫಿ, ಸಿಮೆಂಟು, ಪ್ಲಾಸ್ಟರು, ಅಂಟು ಎಲ್ಲ ‘ಸೆಟ್’. ಕನ್ನಡ ಇಲ್ಲಿ ಒಂದೊಂದು ವಸ್ತುವನ್ನೂ ಬೇರೆಯಾಗಿ ಮಾತಾಡಿಸುತ್ತದೆ. ಹಾಲು ಹೆಪ್ಪುಗಟ್ಟುತ್ತದೆ, ಸಕ್ಕರೆಗೆ ಪಾಕ ಬರುತ್ತದೆ, ತುಪ್ಪ ಮರಳುಮರಳಾಗುತ್ತದೆ, ಬರ್ಫಿ ಬಿಲ್ಲೆ ಕತ್ತರಿಸುವ ಹದಕ್ಕೆ ಬರುತ್ತದೆ. ಹೀಗೆ ಬೇರೆ ಪದ ಇಟ್ಟಿರುವುದರಲ್ಲಿ ಅರ್ಥವಿದೆ, ಒಳಗೆ ನಡೆಯುವುದೂ ಬೇರೆಬೇರೆಯೇ. ಹಾಲಿನಲ್ಲಿ ಬ್ಯಾಕ್ಟೀರಿಯಾ ಹುಳಿ ತಯಾರಿಸುತ್ತದೆ, ಹುಳಿ ಏರಿದಾಗ ಕೇಸೀನ್ ಎಂಬ ಪ್ರೋಟೀನು ಬಲೆಯಂತೆ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಹಾಲು 40 ಡಿಗ್ರಿ ಸೆಲ್ಸಿಯಸ್ ಹತ್ತಿರ, ಬೆರಳಿಟ್ಟರೆ ಹಿತವಾದ ಬಿಸಿ ಇರುವಾಗ ಅರ್ಧ ಲೀಟರಿಗೆ ಒಂದು ಚಮಚ ಹೆಪ್ಪು ಸಾಕು. ಸುಡುವ ಹಾಲಿಗೆ ಹಾಕಿದರೆ ಹೆಪ್ಪಿನ ಜೀವವೇ ಸಾಯುತ್ತದೆ. ಅರೆಬರೆ ಗಟ್ಟಿಯಾದಾಗ ಪಾತ್ರೆ ಅಲ್ಲಾಡಿಸಿದರೆ ಬಲೆ ಹರಿದು ನೀರು ಬಿಟ್ಟುಕೊಳ್ಳುತ್ತದೆ.

ಜಾಮ್ ಗಟ್ಟಿಯಾಗುವುದು ಹಣ್ಣಿನ ಅಂಟಾದ ಪೆಕ್ಟಿನ್‌ನಿಂದ. ಅದಕ್ಕೆ ಮೂರು ಕೂಡಿ ಬರಬೇಕು: ಹಣ್ಣಿನಲ್ಲಿ ಪೆಕ್ಟಿನ್, ಒಳ್ಳೆಯ ಹುಳಿ, ಮತ್ತು ಒಟ್ಟು ತೂಕದಲ್ಲಿ ಸುಮಾರು 65 ಶೇಕಡಾ ಸಕ್ಕರೆ. ತುಸು ಕಾಯಿಗಟ್ಟಾದ ಸೀಬೆಯಲ್ಲಿ ಪೆಕ್ಟಿನ್ ಧಾರಾಳ, ಹಾಗಾಗಿ ಸೀಬೆ ಜೆಲ್ಲಿ ಸುಲಭ. ಇಂಗ್ಲಿಷ್ ಅಡಿಗೆ ಪುಸ್ತಕಗಳು ಜಾಮಿನ ‘ಸೆಟ್ಟಿಂಗ್ ಪಾಯಿಂಟ್’ 104–105 ಡಿಗ್ರಿ ಅನ್ನುತ್ತವೆ. ಬೆಂಗಳೂರಿನಲ್ಲಿ ಇದನ್ನು ನಂಬಿ ಥರ್ಮಾಮೀಟರ್ ಇಟ್ಟು ಕುದಿಸಿದವರ ಜಾಮ್ ಅಂಟಂಟಾಗಿ, ಕೆಲವು ದಿನದಲ್ಲಿ ಸಕ್ಕರೆ ಹರಳುಗಟ್ಟುತ್ತದೆ. ಪುಸ್ತಕದ ಅಂಕಿ ಸಮುದ್ರಮಟ್ಟದ್ದು. ಜಾಮಿಗೆ ಬೇಕಾದದ್ದು ನೀರು ಕುದಿಯುವ ಮಟ್ಟಕ್ಕಿಂತ ನಾಲ್ಕೈದು ಡಿಗ್ರಿ ಹೆಚ್ಚು. 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದೇ ಸುಮಾರು 97ಕ್ಕೆ. ಹಾಗಾಗಿ ಮಂಗಳೂರಿನಲ್ಲಿ 105ಕ್ಕೆ ಇಳಿಸುವ ಜಾಮನ್ನು ಇಲ್ಲಿ 102ರ ಆಸುಪಾಸಿನಲ್ಲೇ ಇಳಿಸಬೇಕು. ಥರ್ಮಾಮೀಟರ್ ಇಲ್ಲದವರಿಗೆ ತಣ್ಣನೆಯ ತಟ್ಟೆಯೇ ಸಾಕು: ಒಂದು ತೊಟ್ಟು ಹಾಕಿ, ನಿಮಿಷ ಬಿಟ್ಟು ಬೆರಳಲ್ಲಿ ತಳ್ಳಿದರೆ ಮೇಲೆ ಸುಕ್ಕು ಬೀಳಬೇಕು.

ಸಿಮೆಂಟಿನ ವಿಷಯದಲ್ಲಿ ‘ಸೆಟ್’ ಮತ್ತು ‘ಗಟ್ಟಿ’ ಎರಡನ್ನೂ ಒಂದೇ ಅಂದುಕೊಂಡು ಹಣ ಕಳೆದುಕೊಳ್ಳುವವರು ಬಹಳ. ಸೆಟ್ ಅಂದರೆ ಮಿದ್ದಿದ ಆಕಾರಕ್ಕೆ ಬಗ್ಗುವ ಗುಣ ಹೋಗುವುದು, ಅಷ್ಟೇ. ಬಲ ಬರುವುದು ಅದರ ನಂತರ, ದಿನಗಳ ಲೆಕ್ಕದಲ್ಲಿ. ಪೂರ್ಣ ಪರೀಕ್ಷೆ ನಡೆಸುವುದು 28ನೇ ದಿನ. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಆರಂಭಿಕ ಸೆಟ್ 30 ನಿಮಿಷಕ್ಕಿಂತ ಬೇಗ ಆಗಕೂಡದು, ಅಂತಿಮ ಸೆಟ್ 600 ನಿಮಿಷ ಮೀರಕೂಡದು. ಇದನ್ನು ಅಳೆಯುವುದು ವಿಕಾಟ್ ಎಂಬ ಸರಳ ಉಪಕರಣದಲ್ಲಿ. 40 ಮಿಲಿಮೀಟರ್ ಎತ್ತರದ ಅಚ್ಚಿಗೆ ಕಲಸಿದ ಸಿಮೆಂಟು ತುಂಬಿ, ಮೇಲಿನಿಂದ ಒಂದು ಚದರ ಮಿಲಿಮೀಟರ್ ಮೊನೆಯ ಸೂಜಿಯನ್ನು ಆಗಾಗ ಬಿಡುತ್ತಾರೆ. ಮೊದಲಿಗೆ ಸೂಜಿ ತಳ ಮುಟ್ಟುತ್ತದೆ. ತಳದಿಂದ ಸುಮಾರು 5 ಮಿಲಿಮೀಟರ್ ಮೇಲೆಯೇ ಅದು ತಡೆದು ನಿಂತಾಗ ಆರಂಭಿಕ ಸೆಟ್. ಬರೀ ಗುರುತು ಬಿದ್ದು, ಸೂಜಿಯ ಸುತ್ತಲಿನ ಬಳೆಯ ಗುರುತು ಬೀಳದೆ ಹೋದಾಗ ಅಂತಿಮ ಸೆಟ್.

ಆ 30 ನಿಮಿಷ ಸಿಗುವುದು ಜಿಪ್ಸಮ್ಮಿನ ದಯೆಯಿಂದ. ಸುಟ್ಟ ಕ್ಲಿಂಕರನ್ನು, ಅಂದರೆ ಅರೆದರೆ ಸಿಮೆಂಟಾಗುವ ಗಟ್ಟಿ ಉಂಡೆಗಳನ್ನು, ಹಾಗೇ ಪುಡಿ ಮಾಡಿ ನೀರು ಹಾಕಿದರೆ ಅದರಲ್ಲಿನ ಅಲ್ಯುಮಿನೇಟು ನಿಮಿಷಗಳಲ್ಲಿ ಬಿಸಿಯೇರಿ ಬಿಗಿದುಬಿಡುತ್ತದೆ, ಅದನ್ನು ತಡೆಯಲೆಂದೇ ಅರೆಯುವಾಗ ಸ್ವಲ್ಪ ಜಿಪ್ಸಮ್ ಸೇರಿಸುವುದು. ಅರೆಯುವ ಗಿರಣಿ ತೀರಾ ಬಿಸಿಯಾದರೆ ಆ ಜಿಪ್ಸಮ್ಮೇ ನೀರು ಕಳೆದುಕೊಂಡು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಂತಾಗಿ, ಕಲಸಿದ ಕೂಡಲೇ ಸುಳ್ಳು ಬಿಗಿತ ಬರುತ್ತದೆ. ಹೊಸ ನೀರು ಹಾಕದೆ ಮತ್ತೆ ಚೆನ್ನಾಗಿ ಕಲಸಿದರೆ ಈ ಸುಳ್ಳು ಬಿಗಿತ ಬಿಡುತ್ತದೆ. ನಿಜವಾದ ಸೆಟ್ ಬಿಡುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಹೋಗಿ ಬಂದು, ಬಿಗಿದ ಗಾರೆಗೆ ಮತ್ತೊಂದು ಮಗ್ಗು ನೀರು ಸುರಿದು ಕಲಸುವುದನ್ನು ಎಷ್ಟೋ ಕಟ್ಟಡಗಳಲ್ಲಿ ಕಾಣಬಹುದು. ಕಟ್ಟಿಕೊಳ್ಳಲು ಶುರುವಾಗಿದ್ದ ಹರಳುಗಳು ಅಲ್ಲಿ ಮುರಿದವು, ಹೆಚ್ಚಿದ ನೀರು ಆಮೇಲೆ ಆರಿಹೋಗಿ ತೂತು ಬಿಟ್ಟಿತು. ಆ ಗೋಡೆ ಉಗುರಿಗೇ ಪುಡಿ ಉದುರಿಸುತ್ತದೆ.

ಕನ್ನಡದಲ್ಲಿ ‘ಸೆಟೆ’ ಅಂದರೆ ಬಿಗಿಯಾಗು, ಬಿರುಸಾಗು. ಸೆಟೆದು ನಿಂತ ಅನ್ನುತ್ತೇವಲ್ಲ. ಸಿಮೆಂಟು ಸೆಟೆಯಿತು ಅಂದರೂ ಅರ್ಥ ಕೆಡುವುದಿಲ್ಲ. ಇದು ಕಾಕತಾಳೀಯ, ನೆಂಟಸ್ತಿಕೆ ಏನಿಲ್ಲ. ಇಂಥ ಧ್ವನಿಸಾಮ್ಯದ ಮೇಲೆ ಇಡೀ ಭಾಷಾಚರಿತ್ರೆ ಕಟ್ಟುವವರು ಇದ್ದಾರೆ, ಅವರಿಂದ ದೂರವಿರುವುದು ಕ್ಷೇಮ.

ಅನುವಾದಕರಿಗೆ ನಿಜವಾದ ಹಳ್ಳ ಇರುವುದು ಬಾಲಗಳಲ್ಲಿ. ‘ಸೆಟ್ ಅಸೈಡ್’ ದುಡ್ಡಿನ ಜೊತೆ ಬಂದರೆ ತೆಗೆದಿಡು, ನ್ಯಾಯಾಲಯದ ಆದೇಶದ ಜೊತೆ ಬಂದರೆ ರದ್ದುಪಡಿಸು. ‘ಹೈಕೋರ್ಟು ತೀರ್ಪನ್ನು ಬದಿಗಿರಿಸಿತು’ ಎಂದು ಬರೆದರೆ ಓದುಗನಿಗೆ ತೀರ್ಪು ಎಲ್ಲೋ ಕಪಾಟಿನಲ್ಲಿ ಕಾಯುತ್ತಿದೆ ಅನ್ನಿಸುತ್ತದೆ, ಅದು ಸತ್ತು ಹೋಗಿರುತ್ತದೆ. ‘ಸೆಟ್ ಆಫ್’ ಪ್ರಯಾಣದಲ್ಲಿ ಹೊರಡು, ಪಟಾಕಿಯಲ್ಲಿ ಸಿಡಿಸು, ಲೆಕ್ಕಪತ್ರದಲ್ಲಿ ವಜಾ ಹಾಕು. ವಿಚಾರಣೆಯ ಕಾಲದಲ್ಲಿ ಜೈಲಿನಲ್ಲಿ ಕಳೆದ ದಿನಗಳನ್ನು ಶಿಕ್ಷೆಯ ಅವಧಿಯಿಂದ ಕಳೆಯುವುದಕ್ಕೂ ಅದೇ ಹೆಸರು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 428ನೇ ಕಲಮು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 468. ‘ಸೆಟ್‌ಬ್ಯಾಕ್’ ಚುನಾವಣೆಯಲ್ಲಿ ಹಿನ್ನಡೆ, ಕಟ್ಟಡದ ನಕ್ಷೆಯಲ್ಲಿ ಮನೆಯ ಸುತ್ತ ಬಿಡಬೇಕಾದ ಖಾಲಿ ಜಾಗ. ಮುಂಗಾರು ‘ಸೆಟ್ ಇನ್’ ಆದರೆ ಮಳೆ ಹಿಡಿಯಿತು ಅಂದರೆ ಸಾಕು, ಅದಕ್ಕಿಂತ ಸರಿಯಾದ ಅನುವಾದ ಇಲ್ಲ. ಕಾಲದ ಗೊಂದಲ ಬೇರೆ: ‘ಸೆಟ್’ನ ಭೂತರೂಪವೂ ‘ಸೆಟ್’ ಆದ್ದರಿಂದ ‘ಅವರು ನಿಯಮ ಸೆಟ್’ ಎಂಬ ಇಂಗ್ಲಿಷ್ ವಾಕ್ಯ ಮಾಡುತ್ತಾರೆ ಎಂದೋ ಮಾಡಿದರು ಎಂದೋ ಹಿಂದುಮುಂದಿನ ಸಾಲು ನೋಡದೆ ತಿಳಿಯದು. ಯಂತ್ರಾನುವಾದದ ಬಗ್ಗೆ 1960ರಲ್ಲೇ ಇಸ್ರೇಲಿನ ಭಾಷಾ ತತ್ವಜ್ಞಾನಿ ಯೆಹೋಶುವ ಬಾರ್–ಹಿಲೆಲ್ ಎತ್ತಿದ ತಕರಾರು ಇಂಥದ್ದೇ. ‘ಪೆನ್’ ಒಳಗೆ ಪೆಟ್ಟಿಗೆ ಇತ್ತು ಅಂದಾಗ ಅದು ಬರೆಯುವ ಪೆನ್ನಲ್ಲ, ಮಗು ಆಡಲು ಹಾಕಿದ ಕಟಕಟೆ ಎಂದು ತಿಳಿಯಲು ಪದಕೋಶ ಸಾಲದು, ಪೆಟ್ಟಿಗೆ ಎಷ್ಟು ದೊಡ್ಡದು ಅಂತ ಗೊತ್ತಿರಬೇಕು.

ಗುಂಪಿನ ಸೆಟ್ಟಿನ ಕಡೆ ಬಂದರೆ ಹೇಳುವುದು ಕಡಿಮೆ. ಟೆನಿಸ್ಸಿನ ಸೆಟ್ ಆರು ಗೇಮ್, ಎರಡರ ಅಂತರ, 6–6 ಆದರೆ ಟೈಬ್ರೇಕ್. ಕೊನೆಯ ಸೆಟ್ಟಿಗೆ ಟೈಬ್ರೇಕ್ ಇಲ್ಲದಿದ್ದ ಕಾಲದಲ್ಲಿ, 2010ರ ವಿಂಬಲ್ಡನ್‌ನಲ್ಲಿ, ಜಾನ್ ಇಸ್ನರ್ ಮತ್ತು ನಿಕೊಲಾ ಮಾಹು ಐದನೇ ಸೆಟ್ಟನ್ನು 70–68ರ ತನಕ ಎಳೆದರು. ಇಡೀ ಪಂದ್ಯ ಮೂರು ದಿನಗಳಲ್ಲಿ ಹರಡಿ 11 ಗಂಟೆ 5 ನಿಮಿಷ ನಡೆಯಿತು. ಪಂಪು ಮತ್ತು ಮೋಟರು ಸೇರಿದರೆ ಪಂಪ್‌ಸೆಟ್. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತವಾದ್ದರಿಂದ ‘ಐಪಿ ಸೆಟ್’ ಎಂಬುದು ಎಸ್ಕಾಂ ಕಡತಗಳಲ್ಲಿ ದಿನನಿತ್ಯದ ಪದ. ಎರಡು ಬಿಡಿ ಯಂತ್ರಗಳನ್ನು ಜೋಡಿಸಿದ ಸೆಟ್ಟಿನಲ್ಲಿ ಎರಡರ ಶಾಫ್ಟು ಒಂದೇ ನೇರಕ್ಕೆ ಕೂತಿರದಿದ್ದರೆ ಕಪ್ಲಿಂಗಿನ ರಬ್ಬರು ಮೊದಲು ಹೋಗುತ್ತದೆ, ಆಮೇಲೆ ಬೇರಿಂಗು. ಸೆಟ್ಟು ಸೆಟ್ ಆಗಿರಬೇಕು ಅನ್ನಬಹುದು. ಸೆಟ್‌ಟಾಪ್ ಬಾಕ್ಸಿನ ‘ಸೆಟ್’ ಅಂದರೆ ಟಿವಿ. 2013ರಲ್ಲಿ ಡಿಜಿಟಲ್ ಕೇಬಲ್ ಕಡ್ಡಾಯವಾಗಿ ಬೆಂಗಳೂರು, ಮೈಸೂರಿನ ಮನೆಮನೆಗೆ ಆ ಪೆಟ್ಟಿಗೆ ಬರುವ ಹೊತ್ತಿಗೆ ಟಿವಿಗಳೇ ಚಪ್ಪಟೆಯಾಗತೊಡಗಿದ್ದವು, ಮೇಲೆ ಇಡಲು ಜಾಗವೇ ಇರಲಿಲ್ಲ.

ಗಣಿತದ ಸೆಟ್ಟಿಗೆ ಕನ್ನಡ ಪಠ್ಯಪುಸ್ತಕ ಕೊಟ್ಟ ಹೆಸರು ‘ಗಣ’. ಉಪಗಣ, ಶೂನ್ಯಗಣ ಎಲ್ಲ ಅದರಿಂದ. ಅನುವಾದ ಚೆನ್ನಾಗಿದೆ, ಶಿವಗಣ, ಛಂದಸ್ಸಿನ ಗಣ, ಗಣರಾಜ್ಯಗಳ ನೆನಪು ಜೊತೆಗೇ ಬರುತ್ತದೆ. ಭಾದ್ರಪದ ಚೌತಿಯಂದು ನಾವು ಕೂರಿಸುವುದು ಗಣಪತಿಯನ್ನು: ಕ್ರಿಯಾಪದ ಒಂದು ಸೆಟ್ಟು, ಹೆಸರಿನೊಳಗೆ ಇನ್ನೊಂದು ಸೆಟ್ಟು. ಉತ್ತರ ಕರ್ನಾಟಕದಲ್ಲಿ ಕೂಡ್ರಸತಾರ, ಕರಾವಳಿಯಲ್ಲಿ ಕುಳ್ಳಿರಿಸುತ್ತಾರೆ, ವ್ಯತ್ಯಾಸವೇನಿಲ್ಲ.

ಇಂಗ್ಲಿಷ್ ಕಳೆದುಕೊಂಡ ಒಂದನ್ನು ಕನ್ನಡ ಈ ಎರವಲು ಪದಕ್ಕೆ ವಾಪಸು ಕೊಟ್ಟಿದೆ. ಸಿಮೆಂಟು ತಾನೇ ‘ಸೆಟ್’, ನಾನು ಅಲಾರಂ ‘ಸೆಟ್’. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ರೂಪ. ನಾವು ಸೆಟ್ ಆಗು, ಸೆಟ್ ಮಾಡು ಎಂದು ಬೇರೆ ಮಾಡಿದೆವು. ಕೂರು–ಕೂರಿಸು ಮತ್ತೆ ಬಂತು. ಜಗಳವಾದವರ ನಡುವೆ ಮಾತಾಡಿ ‘ನಾನು ಸೆಟ್ ಮಾಡ್ತೀನಿ ಬಿಡು’ ಅನ್ನುವುದು, ಕೆಲಸ ಸಿಕ್ಕವನು ‘ಲೈಫಲ್ಲಿ ಸೆಟ್ ಆದ’ ಅನ್ನುವುದು ಹೀಗೆ ಹುಟ್ಟಿದವು. ಅದು ‘ಸೆಟ್ಲ್’ನ ಮೊಂಡು ರೂಪ ಅಂತ ಮೂಗು ಮುರಿಯಬೇಕಿಲ್ಲ, ‘ಸೆಟ್ಲ್’ ಬಂದದ್ದೂ ಆಸನ ಎಂಬ ಅರ್ಥದ ಹಳೆಯ ಪದದಿಂದ, ಅದೇ ‘ಸೆದ್’ ಬೇರಿನಿಂದ. ‘ಸೆಟ್ಟೇರು’ ಅಂತೂ ಪೂರಾ ನಮ್ಮದು. ರಥವೇರು, ಗದ್ದುಗೆಯೇರು, ಹಸೆಮಣೆಯೇರುಗಳ ಸಾಲಿಗೆ ಸೇರಿದ ಕ್ರಿಯಾಪದ. ಇಡೀ ಚಿತ್ರ ಸಕಲೇಶಪುರದ ಕಾಡಿನಲ್ಲಿ ತೆಗೆದು ಒಂದು ಪ್ಲೈವುಡ್ ಗೋಡೆಯನ್ನೂ ನಿಲ್ಲಿಸದಿದ್ದರೂ ಅದು ಮೊದಲ ದಿನ ಸೆಟ್ಟೇರಿಯೇ ಇರುತ್ತದೆ.

ಇನ್ನು ದೋಸೆ. ಎರಡು ಲೋಟ ದೋಸೆ ಅಕ್ಕಿ, ಅರ್ಧ ಲೋಟ ಉದ್ದಿನಬೇಳೆ, ಅರ್ಧ ಲೋಟ ಗಟ್ಟಿ ಅವಲಕ್ಕಿ, ಅರ್ಧ ಚಮಚ ಮೆಂತೆ. ಅಕ್ಕಿ, ಬೇಳೆ, ಮೆಂತೆ ಐದು ಗಂಟೆ ನೆನೆಯಲಿ, ಅವಲಕ್ಕಿಗೆ ಅರ್ಧ ಗಂಟೆ ಸಾಕು. ನುಣ್ಣಗೆ ರುಬ್ಬಿ ರಾತ್ರಿಯಿಡೀ ಹುದುಗಲು ಬಿಡಿ. ಬೆಳಿಗ್ಗೆ ಉಬ್ಬಿದ ಹಿಟ್ಟನ್ನು ಜೋರಾಗಿ ತಿರುವಿ ಗಾಳಿ ಹೊರಗೆ ಹಾಕಬೇಡಿ, ದೋಸೆಯ ತೂತುಗಳು ಆ ಗಾಳಿಯಿಂದಲೇ. ಕಾವಲಿಗೆ ಒಂದು ಸೌಟು ಹುಯ್ದು ಅಂಗೈ ಅಗಲಕ್ಕಿಂತ ತುಸು ಹೆಚ್ಚು ಹರಡಿ, ತೆಳ್ಳಗೆ ಎಳೆಯಬೇಡಿ. ಉರಿ ನಡುಮಟ್ಟ. ಹೆಚ್ಚಾದರೆ ತಳ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ, ತೀರಾ ಕಡಿಮೆಯಾದರೆ ತೂತು ಬೀಳದೆ ಹಿಟ್ಟು ಬಿಳುಚಿಕೊಂಡು ಕೂರುತ್ತದೆ. ಮುಚ್ಚಳ ಮುಚ್ಚಿ ಒಂದೂವರೆ ನಿಮಿಷ. ಮೇಲ್ಮೈಯ ಹಸಿ ಹೊಳಪು ಹೋಗಿ, ಬೆರಳು ತಾಗಿಸಿದರೆ ಅಂಟದಂತಾದಾಗ ಇಂಗ್ಲಿಷಿನವರು ಅದನ್ನೂ ‘ಸೆಟ್’ ಆಯಿತು ಅನ್ನುತ್ತಾರೆ, ಇದು ಕೂರಿಸುವ ಸೆಟ್ಟು. ಮಗುಚದೆ ತೆಗೆದು ತಟ್ಟೆಗೆ ಹಾಕಿ. ಅಂಥವು ಮೂರಾದಾಗ ಇನ್ನೊಂದು.